ಬರೆದುದನ್ನು ತೋರಿಸಲು ನಾಚಿಕೆಯೇಕೆ?

ಬೇಸಗೆಯ ರಜೆ ಬಂದಿತೆಂದರೆ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ನಮ್ಮನ್ನು ಕಾಣಲು ಬರುವುದುಂಟು. ಕುಶಲಪ್ರಶ್ನೆ ಮುಗಿದು, ಕಾಫಿಯೂ ಆಗಿ, ಎದ್ದು ಹೊರಡುವ ಹೊತ್ತಿಗೆ ಚೀಲದೊಳಗಿಂದ ಕಾಗದದ ಕಟ್ಟೊಂದು ಹೊರಬರುತ್ತದೆ. “ಟೀಚರ್, ಇದನ್ನೊಂದಿಷ್ಟು ತಿದ್ದಿಕೊಡುವಿರಾ?” ಎಂಬ ಆ ಮಾತಿನಲ್ಲಿ ಸಾಲ ಕೇಳುವವರ ಸಂಕೋಚವಿರುತ್ತದೆ.

ಎರಡು ವರುಷಗಳ ಹಿಂದೆ ಹೀಗೆ ಬಂದವಳು ಅಮೃತಾಪುರದ ಕಡೆಯ ಒಬ್ಬ ಹುಡುಗಿ. ಅವರ ಮನೆತನದಲ್ಲಿ ಎಂ.ಎ. ತರಗತಿಯ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ತನ್ನೂರಿನ ಅಮೃತೇಶ್ವರ ದೇವಾಲಯವನ್ನು ಕುರಿತು ಇಂಗ್ಲಿಷಿನಲ್ಲಿ ಪ್ರೌಢಪ್ರಬಂಧ ಬರೆಯುತ್ತಿದ್ದಳು. “ಭಾಷೆ ಸರಿಯಿಲ್ಲ” ಎಂಬ ಒಂದೇ ಷರಾದೊಡನೆ ಅಧ್ಯಾಯ ಹಿಂದಿರುಗಿತ್ತು. ಕಾಲೇಜಿನ ಬಳಿಯ ಅಂಗಡಿಯೊಂದರವರು ಹಣ ಕೊಟ್ಟರೆ ಪೂರ್ತಿ ಬರೆದೇ ಕೊಡುವುದಾಗಿ ಹೇಳಿದ್ದರಂತೆ. ತಂದೆಯವರಾದರೋ ಓದು ಸಾಕು, ಮನೆಗೆ ಬಾ ಎಂದಿದ್ದರು.

ನಾವು ಅಭ್ಯಾಸಬಲದಿಂದ ಕೆಂಪು ಮಸಿಯ ಲೇಖನಿಯನ್ನು ಕೈಗೆತ್ತಿಕೊಂಡೆವು. ಎರಡು ಪುಟ ತಿದ್ದುವಷ್ಟರಲ್ಲಿ ಅವಳ ಮಾತು ಮಾಯವಾಗಿ ನಮ್ಮದೇ ಮಾತು ಉಳಿದಿತ್ತು. ಇಪ್ಪತ್ತು ವರುಷ ಎಷ್ಟು ಮಕ್ಕಳಿಗೆ ಹೀಗೆ ಮಾಡಿದೆವೋ! ಲೇಖನಿಯನ್ನು ಕೆಳಗಿಟ್ಟು, “ನೀನು ಅಲ್ಲಿ ಕಂಡುದೇನು? ಕನ್ನಡದಲ್ಲಿಯೇ ಹೇಳು” ಎಂದೆವು. ಹುಡುಗಿ ಅರ್ಧ ಗಂಟೆ ನಿಲ್ಲಿಸದೆ ಹೇಳಿದಳು. ಆ ದೇವಾಲಯವನ್ನು 1196ರಲ್ಲಿ ಕಟ್ಟಿಸಿದವನು ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರ. ಆದರೆ ಅಲ್ಲಿಯ ಶಾಸನದ ಪದ್ಯಗಳು ಜನ್ನಕವಿಯವು. ದಾನಿಯೊಬ್ಬ, ಕವಿಯೊಬ್ಬ, ಕಲ್ಲಿನಲ್ಲಿ ಕೆತ್ತಿದವನು ಮತ್ತೊಬ್ಬ ಎಂಬುದೇ ಅವಳಿಗೆ ಹಿಡಿಸಿದ್ದ ವಿಷಯ. ಕಾಗದದಲ್ಲಿ ಇದರ ಸುಳಿವೇ ಇರಲಿಲ್ಲ! ಹೇಳಿದುದನ್ನು ಅವಳೇ ಬರೆದಳು, ಅವಳೇ ಇಂಗ್ಲಿಷಿಗೆ ತಂದಳು. ನಾಲ್ಕು ದಿನ ಹಿಡಿಯಿತು. ಅಧ್ಯಾಯ ಇನ್ನೊಮ್ಮೆ ಹಿಂದಿರುಗಿ, ಮೂರನೆಯ ಸಲಕ್ಕೆ ಒಪ್ಪಿಗೆಯಾಯಿತು.

ದಂಡನಾಯಕನೇ ಕವಿಯಿಂದ ಬರೆಯಿಸಿಕೊಂಡ ಮೇಲೆ ನಮ್ಮ ಮಗಳು ಅಂಗಡಿಯವರಿಂದ ಬರೆಯಿಸಿಕೊಂಡರೆ ತಪ್ಪೇನೆಂದು ಯಾರಾದರೂ ಕೇಳಬಹುದು. ದಂಡನಾಯಕನು ಪರೀಕ್ಷೆಗೆ ಕುಳಿತಿರಲಿಲ್ಲ. ಇಂದು ಗಣಕಯಂತ್ರವೂ ಕ್ಷಣದಲ್ಲಿ ಪ್ರಬಂಧ ಬರೆದುಕೊಡುತ್ತದೆ. ಅದನ್ನು ತನ್ನದೆಂದು ಒಪ್ಪಿಸುವುದೂ ಅದೇ ಜಾತಿಯ ಕೆಲಸ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮದಂತೆ, ಸಂಶೋಧನ ಪ್ರಬಂಧದಲ್ಲಿ ಶೇಕಡ 60ಕ್ಕೆ ಮೀರಿ ಪರರ ಬರೆಹ ಕಂಡುಬಂದರೆ ನೋಂದಣಿಯೇ ರದ್ದಾಗುವುದು. ಇಂಥ ದಂಡನೆ ಬೇಕು, ಒಪ್ಪಿದೆವು. ಆದರೆ ಬರೆಯಲು ತಿಳಿಯದೆ ಕದ್ದವಳಿಗೆ, ಕದಿಯುವ ಮುನ್ನ ಹೋಗಿ ಕೇಳಲು ಒಂದು ಸ್ಥಳವಿತ್ತೆ?

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ 1976ರಿಂದಲೂ ಅಂಥ ಸ್ಥಳವಿದೆ. ವಿದ್ಯಾರ್ಥಿಗಳು ಕರಡುಪ್ರತಿಯೊಡನೆ ಹೋಗುತ್ತಾರೆ. ಅಲ್ಲಿರುವವರು ಬರೆದುಕೊಡುವುದಿಲ್ಲ, ಜೊತೆಗೆ ಕುಳಿತು ಓದಿ ಪ್ರಶ್ನೆ ಕೇಳುತ್ತಾರೆ. ನಮ್ಮ ಕಾಲೇಜುಗಳಲ್ಲಿ ರಸಾಯನಶಾಸ್ತ್ರಕ್ಕೆ ಪ್ರಯೋಗಶಾಲೆಯುಂಟು, ಓಟಕ್ಕೆ ಮೈದಾನವುಂಟು. ಬರೆಹಕ್ಕೆ ಒಂದು ಮೇಜು, ಎರಡು ಕುರ್ಚಿ, ತಾಳ್ಮೆಯುಳ್ಳ ಒಬ್ಬ ಓದುಗರು ಇದ್ದರೆ ಸಾಕು. ಕನ್ನಡದಲ್ಲಿ ಮಾತನಾಡಲು ಮಾತ್ರ ಅಲ್ಲಿ ಅಡ್ಡಿಯಿರಬಾರದು.

ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿ ಮೈಸೂರಿನಲ್ಲಿ ಓದುತ್ತಿದ್ದ ಪುಟ್ಟಪ್ಪನವರು, 1922ರಲ್ಲಿ ಇಂಗ್ಲಿಷ್ ಕವನಗಳ ಪುಸ್ತಕವನ್ನು ಪ್ರಕಟಿಸಿದ್ದರೂ, ತಮ್ಮ ಕವನಗಳನ್ನು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರಿಗೆ ತೋರಿಸಲು ಹಿಂಜರಿಯಲಿಲ್ಲ. ನಿಮ್ಮ ನುಡಿಯಲ್ಲಿ ಬರೆಯಿರಿ ಎಂದು ಅವರು ಸಲಹೆಯಿತ್ತರು. ಕುವೆಂಪು ಅವರೇ ತೋರಿಸಿದ ಮೇಲೆ ನಮ್ಮ ಹುಡುಗಿಯರು ಕಾಫಿ ಮುಗಿಯುವವರೆಗೆ ಕಾಯುವುದೇಕೆ?

ಈ ವರುಷದಿಂದ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಶಾಲೆಯ ಪುಸ್ತಕಭಂಡಾರದಲ್ಲಿ ನಾವೂ ಇನ್ನಿಬ್ಬರು ಉಪಾಧ್ಯಾಯಿನಿಯರೂ ಕುಳಿತಿರುತ್ತೇವೆ. ಹಳೆಯ ವಿದ್ಯಾರ್ಥಿನಿಯರು ಯಾವ ಕಾಲೇಜಿನವರಾದರೂ ಬರಬಹುದು. ತಂದೆತಾಯಿಗಳು ದಯವಿಟ್ಟು ಕಳುಹಿಸಿಕೊಡಬೇಕು. ಶುಭ್ರಪ್ರತಿ ಬೇಡ, ಹೊಡೆದುಹಾಕಿ ಗೀಚಿದ ಪ್ರತಿಯನ್ನೇ ತರತಕ್ಕದ್ದು. ಕೆಂಪು ಮಸಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದ್ದೇವೆ.