ಫೋನಿನ ಆ ಕಡೆ ನಾನೇ!

ಹಳೇ ಪಿಕ್ಚರುಗಳಲ್ಲಿ ಹೀರೋ ಕಾರು ಓಡಿಸೋದು ನೋಡಿದ್ದೀರಲ್ಲ? ಕೈ ಸ್ಟೀರಿಂಗಿನ ಮೇಲೆ, ಕಣ್ಣು ಹೀರೋಯಿನ್ ಮೇಲೆ, ಬಾಯ್ತುಂಬ ಮಾತು. ಆದರೂ ಅಪಘಾತವೇ ಇಲ್ಲ! ಹೇಗಾದೀತು ಸ್ವಾಮಿ? ಕಾರು ನಿಂತಿರುವುದು ಸ್ಟುಡಿಯೋದಲ್ಲಿ. ಓಡುವುದು ಹಿಂದಿನ ಪರದೆಯ ಮೇಲಿನ ರಸ್ತೆ ಮಾತ್ರ.

ಮೊನ್ನೆ ಮಗನಿಗೆ ಫೋನ್ ಮಾಡಿದ್ದೆ. ಮಾತಿನ ನಡುವೆ ಕಿರ್ರನೆ ಬ್ರೇಕಿನ ಸದ್ದು. ನನ್ನೆದೆ ಧಸಕ್ಕೆಂದಿತು. "ಏನಿಲ್ಲ ಅಪ್ಪಾ, ಹಸು ಅಡ್ಡ ಬಂತು. ಫೋನ್ ಕೈಯಲ್ಲಿಲ್ಲ, ಕಿವೀಲಿ ಇಯರ್‌ಫೋನ್ ಇದೆ" ಅಂದ.

ಕೈ ಖಾಲಿ ಇದ್ದರೆ ಸಾಕೇ? ಗಮನವೂ ರಸ್ತೆ ಮೇಲಿರಬೇಡವೇ? ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫೋನಿನಲ್ಲಿ ಮಾತಾಡುವಾಗ ಕೆಂಪು ದೀಪ ತಪ್ಪಿಸಿಕೊಂಡದ್ದು ಸುಮಾರು ಇಮ್ಮಡಿ! ಕಂಡ ದೀಪಕ್ಕೂ ತಡವಾಗಿಯೇ ಎಚ್ಚರ. ಫೋನ್ ಕೈಯಲ್ಲಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತುವುದು ಅರ್ಧ ಸೆಕೆಂಡ್ ತಡವಾದರೆ ಗಾಡಿ 8 ಮೀಟರ್ ಮುಂದೆ ಹೋಗಿರುತ್ತದೆ. ಆ ಹಸು ಎಷ್ಟು ದೂರದಲ್ಲಿತ್ತೋ, ನಾನು ಕೇಳಲಿಲ್ಲ. ಧೈರ್ಯವಾಗಲಿಲ್ಲ.

ಪಕ್ಕದಲ್ಲಿ ಕೂತವರಾದರೆ ಹಸು ಕಂಡೊಡನೆ ಮಾತು ನಿಲ್ಲಿಸುತ್ತಾರೆ. ಫೋನಿನ ಆ ಕಡೆಯವರಿಗೆ ಹಸು ಎಲ್ಲಿ ಕಾಣಬೇಕು? ಅಂದು ಆ ಕಡೆ ಇದ್ದವನು ನಾನೇ. ಅಂಥಾ ಅರ್ಜೆಂಟ್ ವಿಷಯವಾದರೂ ಏನು? ಗ್ಯಾಸ್ ಸಿಲಿಂಡರ್ ಬಂತಾ ಅಂತ!

ಈಗ ನನ್ನ ಮೊದಲ ಪ್ರಶ್ನೆ ಒಂದೇ: "ಗಾಡಿ ಓಡಿಸ್ತಿದ್ದೀಯೇನೋ?" "ಹೂಂ" ಅಂದನೋ, ಡೈರೆಕ್ಟರ್ ಥರಾ "ಕಟ್!" ಅಂತೀನಿ.

ನೀವೂ ಹಾಗೇ ಮಾಡಿ. ಏನಂತೀರಿ?