ಕೆಂಪು ಲೋಟದ ಜಗಳ

ಕಾಗದದ ಲೋಟವೊಂದು ಧರ್ಮದ್ರೋಹದ ಆಪಾದನೆಗೆ ಗುರಿಯಾದದ್ದು 2015ರ ನವೆಂಬರಿನಲ್ಲಿ, ಅಮೆರಿಕದಲ್ಲಿ. ಸ್ಟಾರ್‌ಬಕ್ಸ್ ಕಾಫಿ ಅಂಗಡಿಗಳು 1997ರಿಂದ ಕ್ರಿಸ್‌ಮಸ್ ಕಾಲಕ್ಕೆಂದು ಬೇರೆಯೇ ಲೋಟಗಳನ್ನು ಹೊರತರುತ್ತ ಬಂದಿದ್ದುವು. ಆ ವರ್ಷ ಹಬ್ಬದ ಚಿತ್ರಗಳನ್ನು ಕೈಬಿಟ್ಟು, ತಮ್ಮ ಮುದ್ರೆಯೊಡನೆ ಬರಿಯ ಕೆಂಪು ಬಣ್ಣವನ್ನು ಉಳಿಸಿಕೊಂಡುವು. ಯೇಸುವಿನ ಮೇಲಣ ದ್ವೇಷದಿಂದಲೇ ಹೀಗೆ ಮಾಡಿದರೆಂದು ಧರ್ಮಪ್ರಚಾರಕರೊಬ್ಬರು ದೂರಿದರು. ಅಧ್ಯಕ್ಷ ಪದವಿಗೆ ಹವಣಿಸುತ್ತಿದ್ದ ಡೊನಾಲ್ಡ್ ಟ್ರಂಪರು ಬಹಿಷ್ಕಾರದ ಮಾತೆತ್ತಿದರು.

ಅಳಿಸಿಹೋದದ್ದಾದರೂ ಏನು? ಹಿಮದ ಹರಳು, ಹಿಮಸಾರಂಗ, ಮರಕ್ಕೆ ತೂಗುಹಾಕುವ ಬಣ್ಣದ ಗುಂಡು. ಇವಕ್ಕೂ ಬೆತ್ಲೆಹೇಮಿನ ಗೋದಲಿಗೂ ಏನು ನಂಟು? ಕ್ರಿಸ್‌ಮಸ್ ಹೆಸರನ್ನೇ ಹೊತ್ತ ಕಾಫಿ ಅದೇ ಅಂಗಡಿಗಳಲ್ಲಿ ಮಾರಾಟಕ್ಕಿತ್ತು. ಇದೇ ನಾಡಿನ ಮ್ಯಾಸಚೂಸೆಟ್ಸಿನಲ್ಲಿ ಕಡುಭಕ್ತರಾದ ಪ್ಯೂರಿಟನ್ನರು 1659ರಲ್ಲಿ ಕ್ರಿಸ್‌ಮಸ್ ಆಚರಿಸುವವರಿಗೆ ಐದು ಷಿಲಿಂಗ್ ದಂಡ ಗೊತ್ತುಮಾಡಿದ್ದರು. ಆ ಶಾಸನ ರದ್ದಾದುದು 1681ರಲ್ಲಿ. ಅವರ ಬಿಗುಮಾನ ನನಗೆ ಒಪ್ಪಿಗೆಯಲ್ಲ. ಹಬ್ಬವೆಂದರೆ ಕಣ್ಣಿಗೂ ಹಬ್ಬವೇ. ಆದರೆ ತಮ್ಮ ಭಕ್ತಿಗೆ ಅಂಗಡಿಯವನ ಸಾಕ್ಷಿಯನ್ನಂತೂ ಅವರು ಬೇಡಲಿಲ್ಲ.

ನನ್ನನ್ನು ನೋಯಿಸಿದ ಸಂಗತಿ ಮತ್ತೊಂದು. ಆ ಪ್ರಚಾರಕರು ತಮ್ಮ ಹೆಸರು ‘ಮೆರಿ ಕ್ರಿಸ್‌ಮಸ್’ ಎಂದು ಹೇಳಿ, ಅದನ್ನೇ ಲೋಟದ ಮೇಲೆ ಬರೆಯಿಸಿಕೊಂಡರು. ಇತರರಿಗೂ ಹಾಗೆಯೇ ಮಾಡಿರೆಂದು ಕರೆಯಿತ್ತರು. ಲೋಟದ ಬಣ್ಣವನ್ನು ನಿಶ್ಚಯಿಸಿದವರು ಸಿಯಾಟಲ್ಲಿನ ಕಚೇರಿಯಲ್ಲಿದ್ದರು. ಪರೀಕ್ಷೆಗೆ ಒಳಗಾದವರು ಗಂಟೆಯ ಕೂಲಿಗೆ ಕಾಫಿ ಬೆರೆಸುತ್ತ ನಿಂತ ಹುಡುಗ ಹುಡುಗಿಯರು. ಅವರಲ್ಲಿ ಯಾರ ದೇವರು ಯಾರೋ, ಕೇಳಿದವರಿಲ್ಲ. ಹೀಗೆ ಸೇಡು ತೀರಿಸಿಕೊಂಡವರು ಕಾಫಿಯ ಹಣವನ್ನು ಮಾತ್ರ ತಪ್ಪದೆ ತೆತ್ತೇ ಹೊರಬಂದರು.