ಮೇಲ್ ಕಳಿಸೋಕೂ ಮುಲಾಜೇ?

ನೀವು ಕಸೂತಿ ಹಾಕ್ತೀರಿ. ಇಲ್ಲವೇ ಮಕ್ಕಳ ಕಥೆಗೆ ಚಿತ್ರ ಬಿಡಿಸ್ತೀರಿ, ಲೇಖನ ಬರೀತೀರಿ. ನೋಡಿದವರೆಲ್ಲ 'ಎಷ್ಟು ಚೆನ್ನಾಗಿದೆ' ಅಂತಾರೆ. ಆದರೆ ಬುಟಿಕ್‌ನವರೋ ಪ್ರಕಾಶಕರೋ 'ನಿಮ್ಮ ಕೆಲಸದ ಮಾದರಿ ಮೇಲ್ ಮಾಡಿ' ಎಂದ ಕೂಡಲೇ ಕೈಕಾಲು ಆಡುವುದಿಲ್ಲ. ಮೊಬೈಲಿನಲ್ಲಿರುವ ನಲವತ್ತು ಫೋಟೊಗಳನ್ನು ಒಟ್ಟಿಗೆ ತುರುಕಿ, ಯಜಮಾನರ ಐಡಿಯಿಂದ, 'ಸುಮ್ನೆ ಟೈಂಪಾಸ್‌ಗೆ ಮಾಡಿದ್ದು, ತಪ್ಪಿದ್ದರೆ ಕ್ಷಮಿಸಿ' ಎಂದು ಬರೆದು ಕಳಿಸಿಬಿಡುವವರೇ ಹೆಚ್ಚು.

ಟೈಂಪಾಸ್ ಅಂತ ನೀವೇ ಹೇಳಿದ ಮೇಲೆ ಎದುರಿನವರು ಅದಕ್ಕೆ ಬೆಲೆ ಕಟ್ಟುವುದಾದರೂ ಹೇಗೆ ಹೇಳಿ? ನನ್ನ ಪ್ರಕಾರ ಈ ಮೇಲ್ ಅಂದರೆ ಯಾರ ಮುಂದೆಯೋ ಕೈಚಾಚುವ ಅರ್ಜಿಯಲ್ಲ. ಅದು ನಿಮ್ಮ ಅಂಗಡಿಯ ಬಾಗಿಲು. ಅದನ್ನು ಅಚ್ಚುಕಟ್ಟಾಗಿ ತೆರೆಯಬೇಕು, ಅಷ್ಟೇ.

ಮೊದಲು ನಿಮ್ಮ ಹೆಸರಿನದೇ ಒಂದು ಐಡಿ ಮಾಡಿಕೊಳ್ಳಿ. ಕಾಸು ಖರ್ಚಿಲ್ಲ. ಗಂಡನ ಐಡಿಗೆ ಬಂದ ಉತ್ತರ ಅವರ ಆಫೀಸಿನ ಮೇಲ್‌ಗಳ ನಡುವೆ ಹೂತುಹೋದರೆ ಯಾರನ್ನು ದೂರುತ್ತೀರಿ? ದುಡಿಮೆ ನಿಮ್ಮದು, ವಿಳಾಸವೂ ನಿಮ್ಮದೇ ಇರಲಿ.

ವಿಷಯದ ಸಾಲನ್ನು ಖಾಲಿ ಬಿಡಬೇಡಿ. 'ಕಸೂತಿ ಸೀರೆ ಮಾದರಿಗಳು' ಎಂದು ಬರೆದು ಪಕ್ಕದಲ್ಲಿ ನಿಮ್ಮ ಹೆಸರು, ಊರು ಹಾಕಿ. ಒಳಗೆ ಐದಾರು ಸಾಲು ಸಾಕು: ನೀವು ಯಾರು, ಏನು ಮಾಡುತ್ತೀರಿ, ಅವರಿಗೇ ಯಾಕೆ ಕಳಿಸುತ್ತಿದ್ದೀರಿ, ಅವರಿಂದ ಏನು ಬಯಸುತ್ತೀರಿ. ಕೊನೆಗೆ ಫೋನ್ ನಂಬರ್. ಒಂದೇ ಮೇಲನ್ನು ಹತ್ತು ಜನರಿಗೆ ಒಟ್ಟಿಗೆ ಕಳಿಸಿದರೆ ಹತ್ತೂ ಜನರಿಗೆ ಗೊತ್ತಾಗುತ್ತದೆ. ಹಾಗೆ ಮಾಡಬೇಡಿ.

ಇನ್ನು ಆಯ್ಕೆಯ ಮಾತು. ಮದುವೆ ಊಟದಲ್ಲಿ ಎಲೆ ತುಂಬ ಬಡಿಸಿಬಿಟ್ಟರೆ ಯಾವುದರ ರುಚಿಯೂ ನಾಲಿಗೆಗೆ ಹತ್ತುವುದಿಲ್ಲ, ಅಲ್ವಾ? ಇದೂ ಹಾಗೇ. ಎಂಟೋ ಹತ್ತೋ ಸಾಕು. ಅತ್ಯುತ್ತಮವಾದದ್ದು ಮೊದಲು ಬರಲಿ. ಫ್ಲ್ಯಾಶ್ ಬೇಡ, ಕಿಟಕಿ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಕಸೂತಿಯಾದರೆ ಬಟ್ಟೆಯ ಹಿಂಬದಿಯದೂ ಒಂದು ಫೋಟೊ ಇರಲಿ. ಗವಂತಿ, ಮುರ್ಗಿ ಹೊಲಿಗೆ ಎರಡೂ ಬದಿ ಒಂದೇ ಥರ ಕಾಣಬೇಕು, ಗಂಟು ಕಾಣಬಾರದು. ಬಲ್ಲವರು ಮೊದಲು ತಿರುಗಿಸಿ ನೋಡುವುದೇ ಅದನ್ನು. ಪ್ರತಿ ಚಿತ್ರದ ಕೆಳಗೆ ಯಾವ ಬಟ್ಟೆ, ಯಾವ ದಾರ, ಎಷ್ಟು ದಿನದ ಕೆಲಸ ಎಂದು ಒಂದು ಸಾಲು ಬರೆಯಿರಿ.

ಎಲ್ಲವನ್ನೂ ಸೇರಿಸಿ ಒಂದೇ ಪಿಡಿಎಫ್ ಮಾಡಿ, ಫೈಲಿಗೆ ನಿಮ್ಮ ಹೆಸರಿಡಿ. ಜಿಮೇಲ್‌ನಲ್ಲಿ ಒಂದು ಮೇಲ್‌ಗೆ 25 ಎಂಬಿವರೆಗೆ ಲಗತ್ತಿಸಬಹುದು, ನಿಜ. ಆದರೆ ನಾಲ್ಕೈದು ಎಂಬಿಯೊಳಗೆ ಮುಗಿಸಿದರೆ ನೋಡುವವರು ಮೊಬೈಲಿನಲ್ಲೂ ಸಲೀಸಾಗಿ ತೆರೆಯುತ್ತಾರೆ. ಡ್ರೈವ್ ಲಿಂಕ್ ಕಳಿಸುವವರು ಒಂದು ನೆನಪಿಡಿ: ನೀವಾಗಿ ಅನುಮತಿ ಕೊಡುವ ತನಕ ಬೇರೆಯವರಿಗೆ ಅದು ತೆರೆಯುವುದಿಲ್ಲ. ಲಿಂಕ್ ಇದ್ದವರು ನೋಡಬಹುದು, ತಿದ್ದುವಂತಿಲ್ಲ ಎಂದು ಬದಲಿಸಿ, ಅಕ್ಕನಿಗೋ ಗೆಳತಿಗೋ ಕಳಿಸಿ ಒಮ್ಮೆ ಪರೀಕ್ಷಿಸಿ. ಬರಹ ಕಳಿಸುವವರಿಗೆ ಇನ್ನೊಂದು ತಾಪತ್ರಯ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಡೆ ಬರೀ ಚಿತ್ರವಿಚಿತ್ರ ಅಕ್ಷರವಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಕಳಿಸಿ, ಜೊತೆಗೊಂದು ಪಿಡಿಎಫ್ ಇಡಿ.

'ಕಳಿಸಿದರೆ ಕದ್ದುಬಿಟ್ಟರೆ?' ಅನ್ನುವ ಭಯ ಎಲ್ಲರಿಗೂ ಇದ್ದದ್ದೇ. ಹಾಗಂತ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಪ್ರಯೋಜನವೇನು? 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ನೀವು ಸ್ವಂತವಾಗಿ ರಚಿಸಿದ ಚಿತ್ರ, ಕಥೆಯ ಹಕ್ಕು ನೋಂದಣಿ ಇಲ್ಲದೆಯೂ ನಿಮ್ಮದೇ. ಅದನ್ನು ಇನ್ನೊಬ್ಬರಿಗೆ ವಹಿಸಿಕೊಡಬೇಕಾದರೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ ಮಾತ್ರ ಎಂದೇ ಲೆಕ್ಕ. ಹಾಗಾಗಿ ಸಹಿ ಹಾಕುವ ಮುಂಚೆ ಓದಿ. ಮಾದರಿಗೆ ಚಿಕ್ಕ ಗಾತ್ರದ ಚಿತ್ರ ಮಾತ್ರ ಕಳಿಸಿ. ಮುದ್ರಿಸಲು ಬರುವ ದೊಡ್ಡ ಫೈಲು ಮಾತುಕತೆ ಮುಗಿದ ಮೇಲೆ. ಕಳಿಸಿದ ಮೇಲ್ ಅಳಿಸಬೇಡಿ, ಯಾವತ್ತು ಏನು ಕಳಿಸಿದ್ದಿರಿ ಎಂಬುದಕ್ಕೆ ಅದು ದಾಖಲೆ.

'ದರ ಬರೆದರೆ ದುಡ್ಡಿನಾಸೆಯವಳು ಅಂದ್ಕೊಳ್ಳಲ್ವಾ?' ಎಂದು ಕೇಳಬಹುದು ನೀವು. ಹಾಲಿನವರು, ಹೂವಿನವರು ದರ ಹೇಳಿದರೆ ನಾವು ಹಾಗೆ ಅಂದುಕೊಳ್ಳುತ್ತೇವೆಯೇ? ಒಂದು ಸೆರಗಿಗೆ ಇಪ್ಪತ್ತು ದಿನ ಹಿಡಿಯಿತು ಎನ್ನುವುದು ಜಂಬವಲ್ಲ, ಲೆಕ್ಕ. ಕಣ್ಣು, ಬೆನ್ನು ಸವೆಸಿದ ಆ ಲೆಕ್ಕವನ್ನು ನೀವು ಹೇಳದಿದ್ದರೆ ಮನೆಯವರಿಗೂ ತಿಳಿಯದು, ಹೊರಗಿನವರಿಗೂ ತಿಳಿಯದು.

ಹತ್ತು ದಿನ ಕಳೆದರೂ ಉತ್ತರ ಬರಲಿಲ್ಲವೇ? ಎರಡು ಸಾಲಿನಲ್ಲಿ ಒಮ್ಮೆ ನೆನಪಿಸಿ. ಆಗಲೂ ಇಲ್ಲವೆಂದರೆ ಇನ್ನೊಬ್ಬರಿಗೆ ಕಳಿಸಿ. ಒಬ್ಬರ ಮೌನ ನಿಮ್ಮ ಕೈಚಳಕಕ್ಕೆ ಕೊಟ್ಟ ಅಂಕವಲ್ಲ. ಮುಂದಿನ ಮೇಲ್‌ನಲ್ಲೂ 'ಟೈಂಪಾಸ್' ಎಂಬ ಪದ ಮಾತ್ರ ಬೇಡ. ಇಂದು ಮಧ್ಯಾಹ್ನ ಬಿಡುವಾದಾಗ ಆ ಎಂಟು ಚಿತ್ರಗಳನ್ನು ಆರಿಸಲು ಕೂತ್ಕೊಳ್ಳಿ.